ಬಂಡೆ ಬರೆಯಲು ಹೋದದ್ದು

ಪ್ಯಾರಿಸ್ ವಿಮಾನ ನಿಲ್ದಾಣ

ಗಾಜಿನ ಹಿಂದೆ ಕುಳಿತಿದ್ದ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ತಿರುವಿ ಹಾಕಿ, ಫ್ರಾನ್ಸಿಗೆ ಬಂದದ್ದು ಯಾತಕ್ಕೆ ಎಂದು ಕೇಳಿದ. ನಾನು ಪೀಣ್ಯದ ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಬಂಡೆಯ ಚಿತ್ರ ಬರೆಯುವುದನ್ನು ಕಲಿಯಲು. ಅವನು ತಲೆಯೆತ್ತಿ ನನ್ನನ್ನೊಮ್ಮೆ, ಪಾಸ್‌ಪೋರ್ಟಿನ ಫೋಟೊವನ್ನೊಮ್ಮೆ ನೋಡಿದ.

"ಇಂಡಿಯಾದಲ್ಲಿ ಬಂಡೆ ಇಲ್ಲವೆ?"

"ಇತ್ತು ಸಾರ್. ಒಡೆದುಬಿಟ್ಟರು," ಅಂದೆ.

ಅವನಿಗೆ ಏನನ್ನಿಸಿತೋ ಏನೋ, ಇನ್ನೊಂದು ಪ್ರಶ್ನೆ ಕೇಳದೆ ಠಪ್ಪನೆ ಮುದ್ರೆ ಒತ್ತಿ ಕಳಿಸಿದ.

ಓದುವವರಿಗೂ ಅದೇ ಪ್ರಶ್ನೆ ಇರಬಹುದು. ನಮ್ಮೂರು ತುಮಕೂರು ರಸ್ತೆಯ ಮಾಕಳಿ. ಪೀಣ್ಯದ ಒಂದು ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಯಂತ್ರಗಳಿಗೆ ಬಣ್ಣ ಹೊಡೆದು ನಿವೃತ್ತನಾದವನು ನಾನು. ಊರಿನ ಹುಡುಗರು ಸಮುದಾಯ ಭವನ ಕಟ್ಟಿಸಿದಾಗ ವೇದಿಕೆಯ ಹಿಂದಿನ ಗೋಡೆಗೆ ಏನು ಬರೆಸುವುದೆಂಬ ಮಾತು ಬಂತು. ಒಬ್ಬ ಸೂರ್ಯೋದಯ ಅಂದ, ಇನ್ನೊಬ್ಬ ಜಲಪಾತ ಅಂದ. ನನ್ನ ದೊಡ್ಡಮ್ಮ ಗಂಗಮ್ಮ ಮೂಲೆಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಳು. ನನ್ನನ್ನು ಸಾಕಿದವಳು ಅವಳು, ಮಾತು ಕಲಿಸಿದವಳೂ ಅವಳೇ. "ಜಲಪಾತ ಯಾಕ್ರಲಾ? ನಮ್ಮ ಕಣದ ಬಂಡೆ ಬರೀರಿ," ಅಂದಳು.

ಕಣದ ಬಂಡೆ ಊರಂಚಿನಲ್ಲಿದ್ದ ಹಾಸುಬಂಡೆ. ಊರಿನ ರಾಗಿ, ಹುಚ್ಚೆಳ್ಳು, ಮೆಣಸಿನಕಾಯಿ, ಸಂಡಿಗೆ ಎಲ್ಲ ಒಣಗುತ್ತಿದ್ದದ್ದು ಅದರ ಮೇಲೆ. ನಾನು ಆರೇಳು ವರ್ಷದವನಿದ್ದಾಗ ಅದನ್ನು ಸಿಡಿಸಿ ಜಲ್ಲಿ ಮಾಡಿದರು. ಈಗ ಅಲ್ಲಿ ಗೋದಾಮಿದೆ. ಅದರ ಫೋಟೊ ಒಂದೂ ಇಲ್ಲ. ಮದುವೆಗೇ ಫೋಟೊ ತೆಗೆಸದ ಕಾಲದಲ್ಲಿ ಕಲ್ಲಿಗೆ ಯಾರು ತೆಗೆಸುತ್ತಾರೆ?

"ಪೇಂಟರ್ ಊರಲ್ಲೇ ಇದ್ದಾರಲ್ಲ, ಮುನಿರಾಜಣ್ಣ ಬರೀಲಿ ಬಿಡ್ರೋ," ಎಂದು ಹುಡುಗರು ನನ್ನ ಕೊರಳಿಗೆ ಕಟ್ಟಿದರು. ನನಗೂ ಹೆಮ್ಮೆ. ಹಿರಿಯರನ್ನೆಲ್ಲ ಕಂಡು ಬಂಡೆ ಎಷ್ಟು ಅಡಿ ಉದ್ದ, ಎಷ್ಟು ಅಗಲ, ಎಷ್ಟು ಎತ್ತರ ಎಂದು ಬರೆದುಕೊಂಡೆ. ಗೋಡೆಗೆ ಪುಟ್ಟಿ ಬಳಿದು, ಉಜ್ಜಿ, ಎರಡು ಕೋಟು ಬೂದುಬಣ್ಣ ಹೊಡೆದು, ಅಂಚಿಗೆ ಕಪ್ಪು ಗೆರೆ ಎಳೆದೆ. ಎಲ್ಲೂ ಒಂದು ಬ್ರಷ್ಷಿನ ಗುರುತಿಲ್ಲ, ಒಂದು ಹನಿ ಇಳಿದಿಲ್ಲ.

ದೊಡ್ಡಮ್ಮ ಬಂದು, ಚೆನ್ನಾಗಿ ಕಾಣುವ ಎಡಗಣ್ಣನ್ನು ಗೋಡೆಯ ಕಡೆ ಮಾಡಿ ನಿಂತಳು. "ಚೆನ್ನಾಗೈತೆ ಕಣಪ್ಪ. ಯಾವ ಕಾರ್ಖಾನೇದು ಈ ಡಬ್ಬ?" ಅಂದಳು.

ಭವನವೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಅವಳು ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಹೇಳಿದ ಮಾತಿಗೆ ಮಾತ್ರ ನಗಲಾಗಲಿಲ್ಲ. "ಲೇ ಮುನ್ಯ, ಆ ಬಂಡೆ ಮ್ಯಾಲೆ ದುಡುದೋರು ನಾಕು ಜನ ಉಳ್ದಿದ್ದೀವಿ. ನಾವು ಸತ್ತೋದ್ಮೇಲೆ ನೀನೇನು ಬರುದ್ರೂ ಅದೇ ನಮ್ಮ ಬಂಡೆ ಅಂತಾರೆ ಜನ. ಅಲ್ಲ ಅನ್ನಾಕೆ ಯಾರಿರ್ತಾರೆ? ಅದಕ್ಮುಂಚೆ ಸರ್ಯಾಗಿ ಬರಿ."

ಮಾರನೆಯ ದಿನ ನಾನೇ ಗೋಡೆಗೆ ಬಿಳಿ ಸುಣ್ಣ ಬಳಿದೆ. ಪ್ರಯಾಣದ ಕಾಗದಪತ್ರಕ್ಕೆ ಓಡಾಡುವಷ್ಟರಲ್ಲಿ ಆ ನಾಲ್ವರು ಮೂವರಾದರು.

ಪ್ಲುಮನಾಕ್, ಮೊದಲ ದಿನ

ಯಾಕೆ ಫ್ರಾನ್ಸು ಎಂದರೆ, ಯಾನ್ ಇರುವುದು ಅಲ್ಲಿ. ಬಹಳ ವರ್ಷದ ಹಿಂದೆ ನಮ್ಮ ಕಾರ್ಖಾನೆಗೆ ಬಣ್ಣ ಹೊಡೆಯುವ ಹೊಸ ಯಂತ್ರ ಜೋಡಿಸಲು ಬಂದು, ನಾಗಸಂದ್ರದಲ್ಲಿ ಮಹಡಿ ಕೋಣೆ ಹಿಡಿದು, ಭಾನುವಾರ ಭಾನುವಾರ ನಮ್ಮ ಮನೆಯಲ್ಲಿ ಉಂಡು ಹೋದವನು. ಅವನ ತಂಗಿ ಮಾಯೆಲ್ ಚಿತ್ರ ಬರೆಯುವವಳು. ಬ್ರಿಟನಿ ಎಂಬ ಆ ಸೀಮೆಯ ಕಡಲ ಬಂಡೆಗಳೇ ಅವಳ ಬದುಕು. ಬೇಸಿಗೆಯಲ್ಲಿ ಒಂದು ವಾರ ತನ್ನ ಮನೆಯ ಷೆಡ್ಡಿನಲ್ಲಿ ಏಳು ಜನಕ್ಕೆ ಕಲಿಸುತ್ತಾಳೆ. ಫೋನಿನಲ್ಲಿ ನನ್ನ ಡಬ್ಬದ ಕಥೆ ಕೇಳಿದ ಯಾನ್, "ಬಾ ಗುರು, ಒಂದು ಸೀಟಿದೆ," ಅಂದಿದ್ದ.

ರೈಲು ನಿಲ್ದಾಣಕ್ಕೆ ಅವನೇ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕನ್ನಡ ಮಾತ್ರ ನಮ್ಮೂರು ಬಿಟ್ಟಾಗ ಇದ್ದಷ್ಟೇ ಉಳಿದಿತ್ತು.

"ಊಟ ಆಯ್ತಾ? ಟ್ರಾಫಿಕ್ ಜಾಸ್ತಿನಾ?"

ಉದ್ದಕ್ಕೂ ರಸ್ತೆಯಲ್ಲಿ ಇದ್ದದ್ದು ನಮ್ಮದೊಂದೇ ಕಾರು.

ಪ್ಲುಮನಾಕ್ ಎಂಬ ಅವರ ಊರು ತಿರುವಿನಾಚೆ ಕಂಡಾಗ ನಾನು ಕಾರು ನಿಲ್ಲಿಸು ಅಂದೆ. ಬಂಡೆಗಳೆಂದರೆ ಬೂದು, ಇಲ್ಲವೆ ಕಪ್ಪು ಎಂದು ತಿಳಿದಿದ್ದವನು ನಾನು. ಇಲ್ಲಿನವು ಕೆಂಪು ಸೀಬೆಹಣ್ಣಿನ ಒಳಗಿನ ಬಣ್ಣ. ಕಡಲ ತಡಿಯುದ್ದಕ್ಕೂ ಮನೆಗಾತ್ರದವು, ಎಮ್ಮೆಗಾತ್ರದವು, ಒಂದರ ಮೇಲೊಂದು, ಬೀಳುತ್ತೇನೆ ಬೀಳುತ್ತೇನೆ ಎನ್ನುತ್ತ ಕೂತಿವೆ. ಮನೆಗಳ ಗೋಡೆಯೂ ಅದೇ ಕಲ್ಲು, ಬೇಲಿಯೂ ಅದೇ ಕಲ್ಲು. ಇಷ್ಟು ಒಳ್ಳೆಯ ಕಲ್ಲನ್ನು ಯಾರೂ ಒಡೆಯುವುದಿಲ್ಲವೆ ಎಂದು ಕೇಳಿದೆ. ಒಡೆಯುತ್ತಿದ್ದರಂತೆ. ಈಗ ಕಡಲ ತಡಿಯವನ್ನು ಮುಟ್ಟುವ ಹಾಗಿಲ್ಲವಂತೆ. ಸಮಾಧಿಗೆ ಹಾಕುವ ಕಪ್ಪು ಕಲ್ಲು ಈಚೆಗೆ ನಮ್ಮ ದೇಶದಿಂದಲೇ ಬರುತ್ತದೆ ಎಂದೂ ಯಾನ್ ಹೇಳಿದ. ಮಾಕಳಿಯವನಿಗೆ ಆ ಊರಲ್ಲಿ ಕಲ್ಲಿನ ನೆಂಟಸ್ತಿಕೆ ಇದೆ ಎಂದಾಯಿತು.

ಮಾಯೆಲಳ ಅಂಗಳದಲ್ಲಿ ಕಲಿಯಲು ಬಂದವರೆಲ್ಲ ಸೇರಿದ್ದರು. ಅವರಲ್ಲಿ ಒಡೀಲ್ ಎಂಬಾಕೆ ನನ್ನ ವಾರಗೆಯವಳು, ಬ್ರೆಡ್ಡಿನ ಅಂಗಡಿ ನಡೆಸಿ ಸಾಕಾಗಿ ಮಗಳಿಗೆ ಬಿಟ್ಟುಕೊಟ್ಟವಳು. ನೇರ ನನ್ನೆದುರು ಬಂದು ಮುಖವನ್ನು ನನ್ನ ಕೆನ್ನೆಯ ಹತ್ತಿರ ತಂದಳು. ಏನೋ ಗುಟ್ಟು ಹೇಳುತ್ತಾಳೆಂದು ನಾನು ಕಿವಿ ಕೊಟ್ಟೆ. ಕಿವಿಯ ಮೇಲೆ ಮುತ್ತು ಬಿತ್ತು. ಅಲ್ಲಿನವರು ಎದುರಾದವರಿಗೆ ಕೆನ್ನೆಗೆ ಕೆನ್ನೆ ತಾಗಿಸಿ ನಮಸ್ಕಾರ ಹೇಳುವುದಂತೆ. ಯಾನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಊರಿಗೆ ಫೋನು ಮಾಡಿದಾಗ ಈ ಒಂದು ವಿಷಯವನ್ನು ಹೆಂಡತಿಗೆ ಹೇಳಲಿಲ್ಲ. ಇಲ್ಲಿ ಓದಿ ತಿಳಿದುಕೊಳ್ಳಲಿ.

ಮೊದಲ ದಿನ ಬ್ರಷ್ಷು ಮುಟ್ಟುವಂತಿಲ್ಲ ಎಂದಳು ಮಾಯೆಲ್. ತೆಳ್ಳನೆಯ ಹೆಂಗಸು, ಗಂಡಸಿನ ಅಂಗಿ, ಮಾತು ಕಮ್ಮಿ. ಅವಳ ಫ್ರೆಂಚನ್ನು ಯಾನ್ ನನಗೆ ಇಂಗ್ಲಿಷು ಮಾಡಿ, ನಡುನಡುವೆ ಕನ್ನಡದ ಒಗ್ಗರಣೆ ಹಾಕಿ ಕೊಡುತ್ತಿದ್ದ. ಒಬ್ಬೊಬ್ಬರು ಒಂದೊಂದು ಬಂಡೆ ಆರಿಸಿಕೊಂಡು, ಕಾಲಿನ ಜೋಡು ಬಿಚ್ಚಿ, ಅದರ ಮೇಲೆ ಕೂರಬೇಕು. ಕಣ್ಣು ಅರ್ಧ ಮುಚ್ಚಿ ನೋಡಬೇಕು. ಹಾಗೆ ನೋಡಿದರೆ ಚಿಲ್ಲರೆ ವಿವರವೆಲ್ಲ ಮಾಯವಾಗಿ ಮೂರೇ ಉಳಿಯುತ್ತವೆ: ಬಿಸಿಲು ಬಿದ್ದ ಮೇಲ್ಮೈ, ಬಿಸಿಲು ಸವರಿಕೊಂಡು ಹೋಗುವ ಪಕ್ಕ, ಬಿಸಿಲು ಮುಟ್ಟದ ಅಡಿ. "ಬಂಡೆಗೆ ಗೆರೆ ಇಲ್ಲ. ಬೆಳಕು ಮಗ್ಗುಲು ಬದಲಾಯಿಸುವ ಜಾಗ ಇದೆ, ಅಷ್ಟೇ," ಎಂದಳು. ನಾನು ಗೋಡೆಯ ಮೇಲೆ ಎಳೆದಿದ್ದ ಕಪ್ಪು ಅಂಚು ನೆನಪಾಯಿತು.

ಅರ್ಧಗಣ್ಣಲ್ಲಿ ನೋಡುತ್ತ ನೋಡುತ್ತ ಮೈಮರೆತಿದ್ದೆ. ಆ ಕಡೆಯ ಸಮುದ್ರ ದಿನಕ್ಕೆರಡು ಸಲ ಮನೆ ಬಿಟ್ಟು ಹೋಗಿ ಎರಡು ಸಲ ವಾಪಸು ಬರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಕಣ್ಣು ಪೂರ್ತಿ ತೆರೆದಾಗ ನೀರು ಮೊಣಕಾಲಿನ ಹತ್ತಿರ ಇತ್ತು, ನನ್ನ ಚಪ್ಪಲಿ ಜೋಡಿ ಹತ್ತು ಮಾರು ದೂರದಲ್ಲಿ ಇಂಗ್ಲೆಂಡಿನ ಕಡೆಗೆ ಹೊರಟಿತ್ತು. ಉಳಿದ ವಾರವೆಲ್ಲ ಯಾನನ ರಬ್ಬರ್ ಬೂಟಿನಲ್ಲಿ ಕಳೆದೆ. ನನ್ನ ಪಾದಕ್ಕೆ ಎರಡಳತೆ ದೊಡ್ಡದು. ನಡೆದರೆ ಪಚಕ್ ಪಚಕ್ ಎಂದು ನನಗಿಂತ ಮೊದಲು ಬೂಟಿನ ಸದ್ದು ಬರುತ್ತಿತ್ತು.

ಎರಡನೆಯ ದಿನ, ಬೆಳಿಗ್ಗೆ

ಮೂವತ್ತು ವರ್ಷ ಫಸ್ಟ್ ಶಿಫ್ಟಿಗೆ ಎದ್ದ ಮೈ, ದೇಶ ಬದಲಾದರೂ ಐದಕ್ಕೇ ಎಚ್ಚರವಾಯಿತು. ಮನೆಯವರೆಲ್ಲ ಮಲಗಿದ್ದಾರೆ. ಸುಮ್ಮನೆ ಷೆಡ್ಡಿಗೆ ಹೋದೆ. ಗೋಡೆಗೆ ಒರಗಿಸಿ ಏಳು ಹಲಗೆ ಇಟ್ಟಿದ್ದರು, ಬಿಳಿ ಬಣ್ಣ ಬಳಿದು. ಆ ದಿನ ನಾವು ಚಿತ್ರ ಬರೆಯಬೇಕಾದವು. ಅಭ್ಯಾಸದಿಂದ ಕೈ ಅವುಗಳ ಮೇಲೆ ಹೋಯಿತು. ಹಲಗೆಯ ಮೇಲೆಲ್ಲ ತರಿತರಿ!

ಪೇಂಟ್ ಶಾಪಿನವನಿಗೆ ಇದಕ್ಕಿಂತ ದೊಡ್ಡ ಕೆಟ್ಟ ಸುದ್ದಿ ಇಲ್ಲ. ಹಸಿ ಬಣ್ಣದ ಮೇಲೆ ಧೂಳು ಕೂತರೆ ಆ ಮಾಲು ರಿಜೆಕ್ಟು. ನಾನು ಸುತ್ತ ನೋಡಿದೆ. ಕಿಟಕಿ ತೆರೆದಿತ್ತು. ಹೊರಗೆ ಮರಳು ದಂಡೆ. ರಾತ್ರಿ ಗಾಳಿಗೆ ಮರಳು ಹಾರಿ ಬಂದು ಕೂತಿದೆ, ಪಾಪ, ಈ ಹೆಣ್ಣುಮಗಳು ಎದ್ದು ನೋಡಿದರೆ ಎಷ್ಟು ನೊಂದುಕೊಳ್ಳುತ್ತಾಳೋ ಅನ್ನಿಸಿತು. ನನ್ನ ಚೀಲದಲ್ಲಿ ಒಂದು ಕಟ್ಟು ಎಮರಿ ಪೇಪರು ಇತ್ತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪುಟ್ಟಿ ಬ್ಲೇಡನ್ನು ಕಿತ್ತುಕೊಂಡವರು ಇದನ್ನು ಮಾತ್ರ ಬಿಟ್ಟಿದ್ದರು. ಬಕೆಟ್ಟಿನಲ್ಲಿ ನೀರು ತಂದೆ. ಏಳು ಹಲಗೆಯನ್ನೂ ನೀರು ಹಾಕಿ ಹಾಕಿ ಉಜ್ಜಿದೆ. ಎಂಟು ಗಂಟೆಗೆ ಕೈಯಿಟ್ಟರೆ ಜಾರಬೇಕು, ಹಾಗಿದ್ದವು. ಒರೆಸಿ ಸಾಲಾಗಿ ನಿಲ್ಲಿಸಿ, ಕೈಕಟ್ಟಿ ಪಕ್ಕದಲ್ಲಿ ನಿಂತೆ.

ಮಾಯೆಲ್ ಬಂದು ಮೊದಲ ಹಲಗೆಯ ಮೇಲೆ ಅಂಗೈ ಆಡಿಸಿದಳು. ಎರಡನೆಯದರ ಮೇಲೆ ಆಡಿಸಿದಳು. ಏಳನೆಯದರ ತನಕ ಹೋಗಿ, ತಿರುಗಿ, ಯಾನನ ಮುಖ ನೋಡಿದಳು. ಯಾನ್ ನನ್ನ ಮುಖ ನೋಡಿದ. ನಾನು ಬೀಗುತ್ತ ವಿವರಿಸಿದೆ: ರಾತ್ರಿ ಧೂಳು ಕೂತಿತ್ತು, ನಾನೆದ್ದು ಸರಿಮಾಡಿದ್ದೇನೆ, ಚಿಂತೆ ಬೇಡ. ಯಾನ್ ಅಲ್ಲೇ ನೆಲದ ಮೇಲೆ ಕುಕ್ಕರಿಸಿಬಿಟ್ಟ.

"ಧೂಳಲ್ಲ ಗುರು ಅದು! ಅವಳೇ ಹಾಕಿದ್ದು ಮರಳು! ಬೇಕು ಅಂತ!" ನಗುವಿನ ನಡುವೆ ಅವನಿಗೆ ಉಸಿರು ಸಿಗುತ್ತಿರಲಿಲ್ಲ. "ನಿನ್ನೆಯಿಂದ ಒಣಗಿಸಿದ್ದು!"

ಭೂಮಿ ಬಾಯಿಬಿಡಲಿ ಅನ್ನಿಸಿತು. ಒಡೀಲ್ ನನ್ನ ಬೆನ್ನು ತಟ್ಟಿದಳು, ಅವಳ ಕಣ್ಣಲ್ಲೂ ನೀರು ನಗುವಿನಿಂದಲೇ. ಮಾಯೆಲ್ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ನನ್ನ ಬಲಗೈ ತಿರುಗಿಸಿ ಬೆರಳ ತುದಿಗಳನ್ನು ನೋಡಿದಳು. ಎಷ್ಟು ವರ್ಷ ಈ ಕೆಲಸ ಎಂದು ಕೇಳಿದಳು. ಹೊರಗೆ ಕರೆದುಕೊಂಡು ಹೋಗಿ ಬಾಗಿಲ ಪಕ್ಕದ ಬಂಡೆಯ ಮೇಲೆ ಆ ಕೈ ಇರಿಸಿದಳು.

"ಉಬ್ಬು ತಗ್ಗು ಎಲ್ಲಿದೆ ಎಂದು ನಿನ್ನ ಕೈಗೆ ನಮ್ಮೆಲ್ಲರಿಗಿಂತ ಬೇಗ ಗೊತ್ತಾಗುತ್ತದೆ," ಎಂದಳು. "ಗೊತ್ತಾದ ಕೂಡಲೇ ಅಳಿಸಲು ಹೋಗುತ್ತದೆ. ಅದೊಂದನ್ನು ಈ ವಾರ ಮಾಡಬೇಡ."

ಶಿಕ್ಷೆಯೆಂದರೆ ಬಕೆಟ್ಟು ಹಿಡಿದು ದಂಡೆಗೆ ಹೋಗಿ ಮರಳು ತಂದು, ಜರಡಿ ಹಿಡಿದು, ಬಿಳಿ ಬಣ್ಣಕ್ಕೆ ಕಲಸಿ, ಏಳು ಹಲಗೆಗೂ ಮತ್ತೆ ಬಳಿಯುವುದು. ಬಣ್ಣಕ್ಕೆ ನಾನೇ ಕೈಯಾರೆ ಮಣ್ಣು ಹಾಕುವುದನ್ನು ನಮ್ಮ ಸೂಪರ್‌ವೈಸರ್ ಕಂಡಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದ. ನನಗೂ ಸಲೀಸಾಗಿರಲಿಲ್ಲ. ಮೂರು ಸಲ ಚಿಟಿಕೆ ಚಿಟಿಕೆ ಹಾಕಿದೆ. ಮಾಯೆಲ್ ಬಂದು ಬೊಗಸೆ ತುಂಬ ಸುರಿದಳು.

ಮೂರನೆಯ ದಿನ ಆ ಹಲಗೆ ಒಣಗಿದ ಮೇಲೆ ಮರಳಿನ ಗುಟ್ಟು ತಿಳಿಯಿತು. ಅಗಲ ಬ್ರಷ್ಷಿಗೆ ಬಣ್ಣ ಹತ್ತಿಸಿ, ಬಟ್ಟೆಯಲ್ಲಿ ಒರೆಸಿ ಹೆಚ್ಚುಕಡಿಮೆ ಒಣಗಿಸಿ, ಹಲಗೆಯ ಮೇಲೆ ಮಲಗಿಸಿ ಎಳೆಯುವುದು. ಬಣ್ಣ ತರಿಯ ನೆತ್ತಿಗಳನ್ನಷ್ಟೇ ಹಿಡಿಯುತ್ತದೆ, ತಗ್ಗುಗಳನ್ನು ಬಿಟ್ಟು ಹೋಗುತ್ತದೆ. ಒಂದೇ ಎಳೆತ. ಕಣ್ಣೆದುರು ಕಲ್ಲಿನ ಚರ್ಮ ಎದ್ದು ಬಂತು. ನಾನು "ಅಯ್ಯೋ" ಅಂದೆ, ಕನ್ನಡದಲ್ಲೇ. ಎಲ್ಲರೂ ತಿರುಗಿ ನೋಡಿದರು. ಇನ್ನೊಮ್ಮೆ ಎಳೆದೆ. ಮತ್ತೆ "ಅಯ್ಯೋ" ಅಂದೆ. ಸಂಜೆಯ ಹೊತ್ತಿಗೆ ಒಡೀಲ್ ಕೂಡ ಬ್ರಷ್ಷು ಎಳೆದಾಗಲೆಲ್ಲ "ಅಯ್ಯೋ" ಅನ್ನುತ್ತಿದ್ದಳು.

ಒಡೀಲಳ ಬಂಡೆಗಳ ಮಾತು ಹೇಳಬೇಕು. ನನ್ನವು ಡಬ್ಬವಾದರೆ ಅವಳವು ಒಲೆಯಿಂದ ಆಗ ತಾನೆ ತೆಗೆದ ಬನ್ನುಗಳು. ಉಬ್ಬಿ, ಮೇಲೆ ಕಂದು ಹತ್ತಿ, ಬಿಸಿಯಾಗಿ. ಪಕ್ಕದಲ್ಲಿ ಒಬ್ಬ ಕ್ಷೌರಿಕ ಕೂತಿದ್ದ, ಅವನ ಬಂಡೆಗಳ ಬಿರುಕೆಲ್ಲ ಬಾಚಿದ ಹಾಗೆ ಒಂದೇ ಕಡೆಗೆ. ಮನುಷ್ಯ ಜೀವನವಿಡೀ ಏನು ಮುಟ್ಟಿರುತ್ತಾನೋ ಅದನ್ನೇ ಬಂಡೆಯ ಮೇಲೂ ಬರೆಯುತ್ತಾನೆ ಎಂದು ಕಾಣುತ್ತದೆ.

ಯಾನನ ಅಡುಗೆಮನೆ

ಅಲ್ಲಿನವರು ಕಪ್ಪು ಗೋಧಿ ಎಂದು ಕರೆಯುವ ಒಂದು ಧಾನ್ಯದ ಹಿಟ್ಟನ್ನು ತೆಳ್ಳಗೆ ಕಲಸಿ, ಅಗಲ ಕಾವಲಿಯ ಮೇಲೆ ಮರದ ಕೋಲಿನಿಂದ ಹರಡಿ ಹುಯ್ಯುತ್ತಾರೆ. ನೋಡಲು ಸಾಕ್ಷಾತ್ ರಾಗಿ ದೋಸೆ. ವಾಸನೆಯೂ ಹೆಚ್ಚುಕಡಿಮೆ ಅದೇ, ಸುಟ್ಟ ಮಣ್ಣಿನ ಒಗರು. ಮೇಲೆ ಉಪ್ಪು ಬೆಣ್ಣೆ, ಒಂದು ಮೊಟ್ಟೆ. ನಾನು ತಂದಿದ್ದ ಹುಚ್ಚೆಳ್ಳು ಚಟ್ನಿಪುಡಿಯ ಪೊಟ್ಟಣ ಬಿಚ್ಚಿದೆ. ಯಾನ್ ಕಣ್ಣುಮುಚ್ಚಿ ತಿಂದು, "ನಾಗಸಂದ್ರ!" ಎಂದು ಮೇಜು ಕುಟ್ಟಿದ. ಮಾಯೆಲ್ ಚಟ್ನಿಪುಡಿಯನ್ನು ತಿನ್ನುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡಿದಳು. ಚಿತ್ರಗಾರರ ಮನೆಯಲ್ಲಿ ಊಟ ತಣ್ಣಗಾಗುವುದು ಹೀಗೆ.

ಅವರ ಬಂಡೆಗಳ ಮೇಲೆ ಕಿತ್ತಳೆ ಬಣ್ಣದ, ಬೂದು ಬಣ್ಣದ ಹಕ್ಕಳೆಯಂಥದು ಬೆಳೆದಿರುತ್ತದೆ. ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಬಣ್ಣ ಸಿಡಿಸಿ ಬರೆಯುವುದನ್ನು ಅವಳು ಹೇಳಿಕೊಟ್ಟಿದ್ದಳು. ನಮ್ಮಲ್ಲಿ ಅದಕ್ಕೆ ಕಲ್ಲುಹೂವು ಎನ್ನುತ್ತೇವೆ, ಬೂದಿ ಬಣ್ಣದ ಒಂದು ಜಾತಿಯನ್ನು ಮಸಾಲೆಗೆ ಹಾಕುತ್ತೇವೆ ಎಂದೆ. ಅಣ್ಣ ತಂಗಿ ಇಬ್ಬರೂ ತಿನ್ನುವುದನ್ನು ನಿಲ್ಲಿಸಿದರು.

"ನೀವು ಬಂಡೆ ತಿನ್ನುತ್ತೀರಾ?" ಎಂದಳು ಮಾಯೆಲ್.

"ಬಂಡೆಯ ಹೂವನ್ನು," ಎಂದೆ.

ಅವಳು ಆ ಮಾತನ್ನು ಗೋಡೆಗೆ ನೇತುಹಾಕಿದ್ದ ದಿನದರ್ಶಿಯ ಮೇಲೆ ಬರೆದುಕೊಂಡಳು. ಹತ್ತಿರದ ಬಂಡೆಗೆ ಮಾತ್ರ ತರಿ ಬಿರುಕು ಬರೆಯಬೇಕು, ದೂರ ಹೋದಂತೆ ಎಲ್ಲ ಬಿಡುತ್ತ ಹೋಗಬೇಕು ಎಂದು ಅವಳು ಹೇಳಿದಾಗ, ನಾನು ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಹಿರಿಯರ ಮಾತು ಹೇಳಿದೆ. ಯಾನ್ ಅದನ್ನು ಅನುವಾದಿಸಿದ. "ಹೌದು, ಅದನ್ನೇ ನಾನು ಇಪ್ಪತ್ತು ವರ್ಷದಿಂದ ಅರ್ಧ ಗಂಟೆ ತೆಗೆದುಕೊಂಡು ಹೇಳುತ್ತಿದ್ದೇನೆ," ಎಂದು ಅವಳು ನಕ್ಕಳು. ಆ ವಾರ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾಲ್ಕನೆಯ ದಿನ

ಅವಳ ಒಂದು ಪದ್ಧತಿ ವಿಚಿತ್ರ. ಬಂಡೆಯ ಮುಂದೆ ಕೂತು ಬರೆಯಲು ಬಿಡುವುದಿಲ್ಲ. ಒಂದು ಗಂಟೆ ನೋಡಿ, ಮುಟ್ಟಿ, ಸುತ್ತು ಹಾಕಿ, ಆಮೇಲೆ ಷೆಡ್ಡಿಗೆ ಬಂದು ಬಂಡೆಗೆ ಬೆನ್ನು ಮಾಡಿ ಬರೆಯಬೇಕು. ಮರೆತದ್ದು ಬೇಕಿಲ್ಲದ್ದು, ನೆನಪಿರುವುದೇ ಬಂಡೆ ಎನ್ನುತ್ತಾಳೆ. ನನ್ನದು ಆ ದಿನ ಮೊದಲ ಸಲ ಕಲ್ಲಿನಂತೆ ಕಂಡಿತು. ಧೈರ್ಯ ಬಂದು, ಇನ್ನು ನಮ್ಮೂರ ಬಂಡೆ ಬರೆಯುತ್ತೇನೆ ಅಂದೆ.

ಅವಳು ಒಂದು ಸ್ಟೂಲು ಎಳೆದುಕೊಂಡು ಕೂತಳು. ಬಂಡೆ ಯಾವ ಕಡೆಗೆ ಇಳಿಜಾರು? ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ? ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ? ಸಂಜೆ ಯಾವ ಮಗ್ಗುಲು ಬೆಚ್ಚಗಿರುತ್ತದೆ?

ನಾನು ಜೇಬಿನಿಂದ ಚೀಟಿ ತೆಗೆದೆ. ಅದರಲ್ಲಿ ಅಡಿಗಳಿದ್ದವು. ಉದ್ದ, ಅಗಲ, ಎತ್ತರ. ಅವಳು ಕೇಳಿದ ಒಂದಕ್ಕೂ ಉತ್ತರವಿರಲಿಲ್ಲ. ಆರು ವರ್ಷದ ನನಗೆ ಆ ಬಂಡೆಯ ಮೇಲೆ ಜಾರಿದ್ದು ಗೊತ್ತು, ಚಡ್ಡಿ ಹರಿದದ್ದು ಗೊತ್ತು. ಬಂಡೆ ಗೊತ್ತಿಲ್ಲ. ಊರೆಲ್ಲ ಸುತ್ತಿ ಕೇಳಿದ್ದೆನಲ್ಲ, ಯಂತ್ರದ ಮುಚ್ಚಳಕ್ಕೆ ಅಳತೆ ತೆಗೆದ ಹಾಗೆ ಕೇಳಿಕೊಂಡು ಬಂದಿದ್ದೆ.

"ಗೊತ್ತಿರುವವರು ಇದ್ದಾರಾ?" ಎಂದಳು.

"ಮೂರು ಜನ."

"ಹಾಗಾದರೆ ಇಲ್ಲೇನು ಮಾಡುತ್ತಿದ್ದೀಯ? ಕೇಳು."

ಅಲ್ಲಿ ಬೆಳಿಗ್ಗೆ, ಮಾಕಳಿಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ಹೆಂಡತಿ ಸುಜಾತ ಫೋನು ಎತ್ತಿದಳು. "ರೀ, ಹುಷಾರಾಗಿದ್ದೀರಾ? ಏನಾಯ್ತು, ಈ ಹೊತ್ತಲ್ಲಿ?" ಏನಿಲ್ಲ, ದೊಡ್ಡಮ್ಮನಿಗೆ ಕೊಡು ಅಂದೆ. ದೊಡ್ಡಮ್ಮ ಫೋನಿನಲ್ಲಿ ಮಾತಾಡುವುದು ದೂರಕ್ಕೆ ತಕ್ಕ ದನಿಯಲ್ಲಿ. ಬ್ರಿಟನಿಗೆ ಎಷ್ಟು ಬೇಕೋ ಅಷ್ಟು ಕೂಗಿದಳು.

"ಯಾರ್ಲಾ, ಮುನ್ಯಾನಾ?"

"ದೊಡ್ಡಮ್ಮಾ, ನಮ್ಮ ಕಣದ ಬಂಡೆ ಮೇಲೆ ರಾಗಿ ಯಾವ ಕಡೆ ಬಿರ್ನೆ ಒಣಗ್ತಿತ್ತು?"

"ಅಲ್ಲ ಕಣ್ಲಾ, ಏಳು ಸಮುದ್ರ ದಾಟಿ ಓಗಿ ರಾಗಿ ಇಚಾರ ಕೇಳ್ತೀಯಲ್ಲ! ಉಣ್ಣಾಕೆ ಇಕ್ತಾವ್ರೋ ಇಲ್ವೋ?"

"ಇಕ್ತಾವ್ರೆ ದೊಡ್ಡಮ್ಮ. ನೀನು ಹೇಳು."

"ಇನ್ನೆಲ್ಲಿ, ಮೂಡ್ಲ ಕಡೆ. ಒತ್ತುಟ್ಟಿದ್ದೇ ಬಿಸ್ಲು ಅಲ್ಲೇ ಬೀಳೋದು. ಅದು ನಮ್ಮ ಜಾಗ. ಬೆನ್ನು ಬಾಗ್ದಂಗೆ ಇಳಿಜಾರು, ಕಾಳು ನಿಂತ್ಕಂತದೆ, ನೀರು ನಿಲ್ಲಲ್ಲ. ನಡುಮಧ್ಯ ಒಂದು ದೊಣೆ ಇತ್ತು ನೋಡು, ನೀರು ನಿಲ್ಲೋ ಗುಳಿ, ಮಳೆ ನೀರು ದೀಪಾವಳಿ ಗಂಟ ಇರೋದು. ಅದ್ರ ಸುತ್ತ ಕರ್ರಗೆ ಬಳೆ ಇಟ್ಟಂಗೆ ಗುರುತು. ಬಡಗಲಿಗೆ ಓಗ್ಬಾರ್ದು, ಪಾಚಿ. ಅನುಮಕ್ಕ ಮೊರ ಎತ್ಕಂಡು ಓಗಿ ಜಾರಿ ಬಿದ್ದಿದ್ದು ಅಲ್ಲೇ. ಪಡುವಲ ಕಡೆ ಕಡ್ದಂಗೆ ಇಳೀತಿತ್ತು, ನೆಟ್ಟಗೆ. ಸಂಜೆ ಕೆಲ್ಸ ಮುಗ್ಸಿ ಅಲ್ಲಿ ಬೆನ್ನು ಆನಿಸಿ ಕುಂತ್ರೆ, ಅಪ್ಪಾ, ನಡ ಎಲ್ಲ ಸಡ್ಲ ಆಗೋದು, ಅಷ್ಟು ಬೆಚ್ಗಿರೋದು."

ಅವಳು ಹೇಳುತ್ತ ಹೋದಳು. ನಾನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಇದ್ದಿಲಿನ ಕಡ್ಡಿಯಿಂದ ಗೀಚುತ್ತ ಹೋದೆ. ರಾಗಿ ಒಣಗುವ ಕಡೆ ಬೆಳಕು. ಪಾಚಿಯ ಕಡೆ ನೆರಳು. ಬೆನ್ನು ಆನಿಸುವ ಕಡೆ, ಇಳಿಬಿಸಿಲಿನ ಕಾವು ಹಿಡಿದ ನೇರ ಗೋಡೆ. ದೊಣೆಯೊಳಗೆ ಆಕಾಶ. ಮಾಯೆಲ್ ಹಿಂದೆ ನಿಂತು ನೋಡುತ್ತಿದ್ದಳು. ಅವಳಿಗೆ ಒಂದು ಅಕ್ಷರ ಕನ್ನಡ ಬಾರದು. ಆದರೂ ದೊಡ್ಡಮ್ಮ "ಪಾಚಿ" ಎಂದು ದನಿ ತಗ್ಗಿಸಿದಾಗ ಕೈ ಚಾಚಿ ಕಾಗದದ ಆ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ಕಪ್ಪು ಮಾಡಿದಳು. ಸರಿಯಾದ ಮೂಲೆಯನ್ನೇ.

ಫೋನು ಇಡುವ ಮುಂಚೆ ದೊಡ್ಡಮ್ಮ, "ಇದೆಲ್ಲ ಮೊದ್ಲೇ ಯಾಕೆ ಕೇಳ್ಲಿಲ್ಲ ನೀನು? ಎಷ್ಟುದ್ದ ಎಷ್ಟುದ್ದ ಅಂತ ಒಂದೇ ಸಮ ಪೀಡುಸ್ದೆ," ಅಂದಳು.

ಕೊನೆಯ ದಿನ

ಹಲಗೆಯ ಮೇಲೆ ಕಣದ ಬಂಡೆ ಎದ್ದಿತು. ಸೀಬೆಹಣ್ಣಿನ ಬಣ್ಣವಲ್ಲ, ನಮ್ಮ ಬಣ್ಣ: ತಣ್ಣನೆಯ ಬೂದಿಗೆ ಬೆಚ್ಚನೆಯ ಕಂದು ಸೋಕಿಸಿ, ನಡುವೆ ಕಪ್ಪು ಪಟ್ಟೆ. 'ನೆರಳೆಂದು ಕಪ್ಪು ಸುರಿಯಬೇಡ, ಆಕಾಶದ ನೀಲಿ ನೆರಳಲ್ಲಿ ಅಡಗಿರುತ್ತದೆ' ಎಂದಿದ್ದಳು ಮಾಯೆಲ್, ಹಾಗೇ ಮಾಡಿದೆ. ದೊಣೆಯಿಂದ ಪಡುವಲಿಗೆ ಹೋಗುತ್ತಿತ್ತೆಂದು ದೊಡ್ಡಮ್ಮ ಹೇಳಿದ್ದ ಸೀಳು ಬರೆದು, ಮೇಲೊಮ್ಮೆ ಬ್ರಷ್ಷಾಡಿಸಿದೆ. ಸೀಳು ಅರ್ಧ ಮುಚ್ಚಿಹೋಯಿತು. ಮತ್ತೆ ಬರೆದೆ. ಮತ್ತೆ ಕೈ ತಾನಾಗಿ ಸವರಿತು. ಸಂದು ಕಂಡರೆ ತುಂಬು, ಗೀರು ಕಂಡರೆ ಮುಚ್ಚು. ಈ ಕೈಗೆ ಬೇರೆ ಬುದ್ಧಿಯೇ ಇಲ್ಲ.

ಮೂರನೆಯ ಸಲ ಹಾಗಾದಾಗ ಮಾಯೆಲ್ ಬ್ರಷ್ಷನ್ನು ನನ್ನ ಕೈಯಿಂದ ತೆಗೆದುಕೊಂಡು, ಬದಲಿಗೆ ತನ್ನ ಮನೆಯ ಬೀಗದ ಕೈ ಕೊಟ್ಟಳು. ಗೀಚು ಎಂದು ಸನ್ನೆ ಮಾಡಿದಳು.

ಹಸಿ ಬಣ್ಣಕ್ಕೆ ಬೀಗದ ಕೈ! ನಮ್ಮ ಶಾಪಿನಲ್ಲಿ ಯಾರಾದರೂ ಹೊಸ ಯಂತ್ರವನ್ನು ಬೇಕೆಂದೇ ಗೀಚಿದ್ದರೆ ಆ ದಿನವೇ ಗೇಟಿನ ಹೊರಗೆ. ನಾನು ಕೀಲಿ ಹಿಡಿದು ಬಹಳ ಹೊತ್ತು ನಿಂತೆ. ಒಡೀಲ್ ತನ್ನ ಹಲಗೆ ಬಿಟ್ಟು ಬಂದು ನಿಂತಳು. ಕ್ಷೌರಿಕನೂ ಬಂದ.

"ಏ ಗುರು," ಎಂದ ಯಾನ್ ಮೆಲ್ಲಗೆ. "ಮಾಡು. ಇಲ್ಲಿ ರಿಜೆಕ್ಷನ್ ಇಲ್ಲ."

ಎಳೆದೆ. ಕೀಲಿ ಮರಳಿಗೆ ತಾಗಿ ಕರಕರ ಎಂದಿತು. ಹಲ್ಲು ಜುಮ್ಮೆಂದಿತು. ಗೆರೆ ಅಡ್ಡಾದಿಡ್ಡಿಯಾಗಿ ಓಡಿ, ಒಂದು ಕಡೆ ಅಗಲವಾಗಿ, ಒಂದು ಕಡೆ ಸಣ್ಣದಾಗಿ, ನೆರಳಿನೊಳಗೆ ಹೋಗಿ ಕಾಣೆಯಾಯಿತು. ಹಿಂದೆ ಸರಿದು ನೋಡಿದೆ. ಬಂಡೆ ಸೀಳಿತ್ತು.

ಮಾಯೆಲ್ ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. "ಇದು ಬಂಡೆ," ಎಂದಳು. "ನಿಮ್ಮ ಬಂಡೆ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಹೇಳಬೇಕಾದವಳು ಅಲ್ಲಿದ್ದಾಳೆ."

ಮಾಕಳಿ

ಭವನದ ಗೋಡೆಗೆ ನಾನು ಮರಳು ಬೆರೆಸಿದ ಬಣ್ಣ ಬಳಿಯುವುದನ್ನು ನೋಡಿದ ಹುಡುಗರು ಗಾಬರಿಯಾದರು. "ಅಣ್ಣಾ, ಏನ್ ಮಾಡ್ತಿದ್ದೀಯಾ? ಫಾರಿನ್‌ಗೆ ಹೋಗ್ಬಂದು ಇರೋ ಗೋಡೇನೂ ಹಾಳ್ಮಾಡ್ತಿದ್ದೀಯಲ್ಲ!" ಅಂದರು. ನಾನು ಬಾಗಿಲು ಮುಚ್ಚಿಕೊಂಡೆ. ಹನ್ನೊಂದು ದಿನ ಹಿಡಿಯಿತು. ಎರಡು ಸಲ ಕೈ ಸೀಳನ್ನು ಮುಚ್ಚಿತು, ಎರಡು ಸಲವೂ ಮತ್ತೆ ಗೀಚಿದೆ.

ಮೂವರಲ್ಲಿ ಒಬ್ಬಾಕೆ ಹಾಸಿಗೆ ಹಿಡಿದಿದ್ದಳು, ಬರಲಾಗಲಿಲ್ಲ. ದೊಡ್ಡಮ್ಮ ಬಂದಳು, ಹಿಂದೆ ಪಾಚಿಯ ಮೇಲೆ ಜಾರಿ ಬಿದ್ದಿದ್ದ ಹನುಮಕ್ಕ ಬಂದಳು. ಹುಡುಗರೂ ಸೇರಿದರು. ನಾನು ಬಾಗಿಲ ಹತ್ತಿರವೇ ನಿಂತೆ.

ದೊಡ್ಡಮ್ಮ ಎಡಗಣ್ಣನ್ನು ಗೋಡೆಯ ಕಡೆ ಮಾಡಿ ನಿಂತಳು. ಹತ್ತಿರ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು, ತೆಗೆದಳು, ಬೇರೆ ಕಡೆ ಇಟ್ಟಳು. ಹುಡುಗನೊಬ್ಬ, "ಏನಜ್ಜಿ, ಅದೇನಾ?" ಎಂದು ಕೇಳಿದ. ಅವಳು ತಿರುಗಿ ನೋಡಲಿಲ್ಲ. ನನಗೆ ಗೊತ್ತಾಗಿಹೋಯಿತು, ಈ ಸಲವೂ ಅಲ್ಲ ಎಂದು. ಬಕೆಟ್ಟಿನಲ್ಲಿ ಸುಣ್ಣ ಉಳಿದಿದೆಯೋ ಇಲ್ಲವೋ ಎಂದು ಯೋಚಿಸತೊಡಗಿದೆ.

ಅಷ್ಟರಲ್ಲಿ ಹನುಮಕ್ಕ ಕೋಲೂರಿಕೊಂಡು ಗೋಡೆಯುದ್ದಕ್ಕೂ ನಿಧಾನ ನಡೆದು, ಪಾಚಿ ಬರೆದಿದ್ದ ಕಡೆ ಗೋಡೆಯಿಂದ ಒಂದು ಮಾರು ದೂರ ಸುತ್ತು ಹಾಕಿ ದಾಟಿ, ಮೂಡಲ ಕಡೆಯ ಬೆಳಕಿನ ಮುಂದೆ ಹೋಗಿ ನಿಂತಳು. ದೊಡ್ಡಮ್ಮ ಸರಕ್ಕನೆ ತಿರುಗಿದಳು.

"ಅಲ್ಯಾಕೆ ನಿಂತ್ಕಂಡೆ ನೀನು?"

"ನಮ್ಮ ಜಾಗ, ನಿಂತ್ಕಂಡೆ."

"ಯಾವಾಗಿಂದ ನಿಮ್ಮ ಜಾಗ? ನಿಮ್ಮದು ದೊಣೆಯಿಂದಾಚೆ."

"ನಮ್ಮತ್ತೆ ಕಾಲದಿಂದ ಇಲ್ಲೇ ಅರವೋದು ನಾವು. ದೊಣೆ ಆಚೇದು ನಿಮ್ಮದು. ನೀನು ಮದ್ವೆ ಆಗಿ ಬಂದ ವರ್ಸ ಒತ್ತರ್ಸಿದ್ದಲ್ವಾ?"

"ಯಾರು ಒತ್ತರ್ಸಿದ್ದು? ನಾನಾ? ಕರಿಯೇ ನಿಮ್ಮತ್ತೇನ!"

"ಎಲ್ಲಿಂದ ಕರೀಲಿ ಈಗ?"

ಹುಡುಗರು ನಗಬೇಕೋ ಬಿಡಿಸಬೇಕೋ ತಿಳಿಯದೆ ನಿಂತರು. ನಾನು ಸುಣ್ಣದ ಯೋಚನೆ ಬಿಟ್ಟೆ. ದೊಡ್ಡಮ್ಮ ತನ್ನ ಕೋಲಿನಿಂದ ನೆಲ ಕುಟ್ಟಿ, ಹನುಮಕ್ಕನ ಕಾಲ ಬುಡವನ್ನು ತೋರಿಸಿದಳು.

"ಮೊದ್ಲು ಇಳಿಯೇ ಕೆಳಗೆ. ಒಣಗಾಕಿರೋ ರಾಗಿ ತುಳೀತಿದ್ದೀಯ."

ಹನುಮಕ್ಕ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಕೆಳಗೆ ನೋಡಿಕೊಂಡು, ಸಿಮೆಂಟು ನೆಲದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.